ಏನನ್ನಿಸುತ್ತದೆ

ಬಿಳಿ ಹಲಗೆಯ ಮೇಲೆ ಮೊದಲು ಬರೆಯುವುದು ವಾರ,
ಆಮೇಲೆ ತಾರೀಕು, ಆಮೇಲೆ
ಎಲ್ಲರೂ ಕಿಟಕಿಗೆ ಹೋಗಿ ನೋಡಿ ಒಪ್ಪಿದ ಹವೆ:
ಮೋಡ. ಸೆಕೆ. ಮಾಂಡವಿಯಲ್ಲಿ ಇಳಿತ.
ಊರು ರಾಯಬಂದರ್. ಬರೆಯುವವಳು ಕಸ್ತೂರಿ ಸಿಸ್ಟರ್,
ಕಲಘಟಗಿ ಕಡೆಯವಳು,
ಕೊಂಕಣಿ ಇನ್ನೂ ಹದಕ್ಕೆ ಬಂದಿಲ್ಲ.

ಹದಿನಾಲ್ಕು ಪಾಠ, ವಾರಕ್ಕೆರಡು, ಮುಕ್ಕಾಲು ಗಂಟೆ.
ತರಬೇತಿ ಕೊಟ್ಟ ಡಾಕ್ಟರಮ್ಮನದು ಒಂದೇ ಕಟ್ಟಪ್ಪಣೆ:
ನೆನಪಿದೆಯಾ ಅಂತ ಕೇಳಬೇಡಿ,
ಏನನ್ನಿಸುತ್ತದೆ ಅಂತ ಕೇಳಿ.
ನೆನಪು ತಪ್ಪೀತು, ಅನ್ನಿಸಿದ್ದು ತಪ್ಪಲಾರದು.
ನೋಟ್‌ಬುಕ್ಕಿನಲ್ಲಿ ಬರಕೊಂಡೆ, ಅಡಿಗೆರೆ ಎಳೆದೆ.
ನಂಬಲಿಲ್ಲ.

ಸ್ಪಂಜಿನ ಚೆಂಡು ಕುರ್ಚಿಯಿಂದ ಕುರ್ಚಿಗೆ ಹೋಗುತ್ತದೆ,
ಹಿಡಿದವರು ತಮ್ಮ ಹೆಸರು ಹೇಳಬೇಕು.
ನಲವತ್ತು ವರ್ಷ ಮದುವೆಯ ಗೌನು ಹೊಲಿದ ಎರ್ಮೆಲಿಂದಾ ಬಾಯಿ
ಚೆಂಡನ್ನು ಹಿಂಡಿ, ಮೂಸಿ,
ತೋಳಿನ ಪ್ಯಾಡಿಗೆ ಆದೀತು, ಇನ್ನೊಂದು ತಾ, ಅನ್ನುತ್ತಾಳೆ.
ಫೆರಿ ನಡೆಸುತ್ತಿದ್ದ ಪುಂಡಲೀಕ ಚೆಂಡು ಮುಟ್ಟುವುದೇ ಇಲ್ಲ,
ಹಗ್ಗ ಎಸೆಯಿರಿ, ಹಗ್ಗ!
ಇಂದುಮತಿ ಬಾಯಿ, ಪಣಜಿ ಟೆಲಿಫೋನ್ ಎಕ್ಸ್‌ಚೇಂಜಿನವರು,
ಕಿವಿಗೆ ಹಿಡಿದು ಕಾಯುತ್ತಾರೆ ಬಹಳ ಹೊತ್ತು.
ಬೆಳಗಾವಿ ಲೈನು ಸಿಗುತ್ತಿಲ್ಲ.

ಗುಂಪಿಗೊಂದು ಹೆಸರು ಅವರೇ ಇಟ್ಟುಕೊಳ್ಳಬೇಕು.
ಮೊದಲ ದಿನ ಜಗಳಾಡಿ ಇಟ್ಟರು: ಕೊನೆಯ ಫೆರಿ.
ಗುರುವಾರಕ್ಕೆ ಅದು ಅಳಿಸಿಹೋಗಿ ಮತ್ತೆ ಜಗಳ:
ಬಿಸಿ ಪಾವು.
ಮಂಗಳವಾರ: ಸಂತ ಯಾರೋ ಒಬ್ಬ.
ಈಗ ಒಂದೇ ಗುಂಪಿಗೆ ನನ್ನ ಬಳಿ ಆರು ಹೆಸರು.
ಅವರಿಗೆ ಪ್ರತಿ ಸಲವೂ ತೊಟ್ಟಿಲು ಹೊಸದು.

ಏಳನೆಯದು ದುಡ್ಡಿನ ಪಾಠ.
ಟ್ರೇನಲ್ಲಿ ಚಿಲ್ಲರೆ ಸುರಿದು ಕೇಳಿದೆ,
ಇಷ್ಟಕ್ಕೆ ಏನು ಬಂದೀತು, ಏನನ್ನಿಸುತ್ತದೆ?
ಪುಂಡಲೀಕ ಎದ್ದು ಒಬ್ಬೊಬ್ಬರ ಅಂಗೈಗೂ
ಅವರವರ ನಾಣ್ಯ ವಾಪಸು ಇಟ್ಟು ಬಂದ.
ನಡೆದು ಹತ್ತಿದವರಿಗೆ ಪುಕ್ಕಟೆ.
ಬೈಕಿದ್ದವರು ಮಾತ್ರ ಕೊಡಿ.

ನನ್ನ ದೊಡ್ಡವ್ವನಿಗೂ ಹೀಗೇ ಆಗಿತ್ತು.
ಆಗ ಅದಕ್ಕೆ ಅರಳುಮರುಳು ಎಂದಷ್ಟೇ ಹೆಸರು.
ರಜೆಗೆ ಹೋದ ಹುಡುಗರೆಲ್ಲ ಸಾಲಾಗಿ ನಿಂತು
ನಾ ಯಾರ ಹೇಳು? ನಾ ಯಾರ ಹೇಳು?
ಅವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತ
ಉಂಡ್ರೇನ್ರವ್ವಾ ಎಲ್ಲಾರೂ, ಅನ್ನುತ್ತಿದ್ದಳು.
ನಪಾಸು! ಎಂದು ಕೂಗಿ ಅಂಗಳಕ್ಕೆ ಓಡುತ್ತಿದ್ದೆವು.
ಓಡಿದವರಲ್ಲಿ ಮುಂದೆ ನಾನು.

ಭಾನುವಾರ ಪಾಠವಿಲ್ಲ.
ಮ್ಹಾಪ್ಸಾದಿಂದ ಇಂದುಮತಿ ಬಾಯಿಯ ಮಗಳು ವೃಂದಾ ಬರುತ್ತಾಳೆ,
ಚಪ್ಪಲಿ ಬಿಡುತ್ತಲೇ ಪ್ರಶ್ನೆ: ಆಯಿ, ನಾನ್ಯಾರು?
ಬಾಯಿ ನನ್ನ ಮುಖ ನೋಡುತ್ತಾರೆ,
ಪಕ್ಕದ ಬೆಂಚಿನ ಉತ್ತರ ನೋಡುವ ಹಾಗೆ.

ಈ ಸಲ ತಡೆಯಲಾಗಲಿಲ್ಲ. ಅರೆಬರೆ ಕೊಂಕಣಿಯಲ್ಲಿ ಹೇಳಿದೆ,
ಅದನ್ನು ಬಿಡಿ,
ನಿಮ್ಮ ಸೀರೆ ಹೇಗನ್ನಿಸುತ್ತದೆ ಕೇಳಿ.

ಕೇಳಿದಳು, ನನ್ನ ಮೇಲಿನ ಸಿಟ್ಟಲ್ಲೇ.

ಬಾಯಿ ಸೆರಗು ಎಳೆದುಕೊಂಡರು.
ಬಟ್ಟೆ ತಿರುವಿದರು, ಅಂಚನ್ನು ಉಗುರಿನಿಂದ ಗೀರಿದರು,
ಬೆಳಕಿಗೆ ಹಿಡಿದರು.
ನೇಯ್ಗೆ ಒಳ್ಳೆಯದು. ನೀರಿಗೆ ಬಣ್ಣ ಬಿಡಲಿಕ್ಕಿಲ್ಲ.
ಆದರೆ ಬೇಜಾರು ಮಾಡ್ಕೋಬೇಡಿ,
ಈ ನೇರಳೆ ನನ್ನ ಮಗಳಿಗೆ ಇನ್ನೂ ಚೆಂದ ಒಪ್ಪುತ್ತದೆ.
ಎಲ್ಲಿ ತಗೊಂಡಿರಿ?

ಅಂಗಡಿಯ ಹೆಸರು ಹೇಳಿದಳು ವೃಂದಾ.
ರೇಟು ಹೇಳಿದಳು. ಜಾಸ್ತಿ ಆಯಿತು ಅಂದರು ಬಾಯಿ.
ಚೌಕಾಸಿ ಮಾಡಲು ನಿಮ್ಮ ಮಗಳಿಗೆ ಬರುತ್ತದಾ?
ಎಲ್ಲಿ ಬರುತ್ತದೆ, ಅಪ್ಪನ ಹಾಗೆ ಮೆತ್ತಗೆ.
ಚಹಾ ಆರಿತು. ಆಚೆ ದಡದ ಚೊಡಣದಿಂದ ಫೆರಿ ಬಂತು, ಹೋಯಿತು.
ನಾನು ಮೂವರ ಬಿಪಿ ನೋಡಿ ಬಂದರೂ
ಅದೇ ಮಾತು, ಅದೇ ಅಂಚು.

ಮುಂದಿನ ಭಾನುವಾರ
ಅವಳು ಅದೇ ಸೀರೆಯಲ್ಲಿ ಬಂದಳು.